ಗ್ವಾಡೆ ಎಲ್ಲೋಯ್ತು?

ಇದನ್ನು ಹೇಳುವುದನ್ನು ಮುಂದಕ್ಕೆ ತಳ್ಳುತ್ತಲೇ ಬಂದಿದ್ದೇನೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬರಲಿ ಎಂದೆ, ಬಂತು, ಹೋಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದೆ. ಕೊಳ್ಳೇಗಾಲಕ್ಕೆ ಹೋಗಿ ಅದನ್ನೂ ತೆಗೆಸಿಕೊಂಡು ಬಂದೆ. ಕಣ್ಣು ಚೆನ್ನಾಗಿ ಕಾಣತೊಡಗಿದ ಮೇಲೆ ಬೇರೆ ನೆವ ಹುಡುಕಬೇಕಾಯಿತು. ಇವತ್ತು ಬೆಳಿಗ್ಗೆ ಸೊಸೆ ಹಿತ್ತಲಲ್ಲಿ ಸುಣ್ಣದ ಕಲ್ಲಿಗೆ ನೀರು ಹೊಯ್ದಳು. ಅದು ಬುಸುಗುಟ್ಟಿ ಕುದಿದು ಬಿಸಿ ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ನನ್ನ ಮೇಲೇ ರೇಗಿತು. ನಾಳೆ ಕಲ್ಲರೆ ಹಬ್ಬ. ಕಲ್ಲರೆಯಲ್ಲಿ, ಅಂದರೆ ನಮ್ಮ ಸ್ಮಶಾನದಲ್ಲಿ, ನಮ್ಮವರ ಗೋರಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುವ ದಿನ. ಅಂದರೆ ಆ ಹೆಂಗಸು ನಾಳೆ ಬರುತ್ತಾಳೆ.

ನನ್ನನ್ನು ಸೋಮಾರಿ ಎಂದುಕೊಳ್ಳಬೇಡಿ. ಸಾವಿಗೆ ನಾನು ಮಾಡಿಕೊಂಡಿರುವಷ್ಟು ತಯಾರಿಯನ್ನು ನಮ್ಮೂರಿನವರು ಮದುವೆಗೂ ಮಾಡುವುದಿಲ್ಲ. ಉಡಿಸಲು ಬಿಳಿ ಪಂಚೆ, ಶರಟು ಟ್ರಂಕಿನಲ್ಲಿವೆ. ಕೈಗೆ ಸುತ್ತಲು ಜಪಸರ ಅವುಗಳ ಮೇಲೆ. ಪೆಟ್ಟಿಗೆಗೆಂದು ಬೇವಿನ ಹಲಗೆ ಕೊಯ್ಯಿಸಿ ಹಿತ್ತಲ ಮಾಡಿನಡಿ ಜೋಡಿಸಿದ್ದೇನೆ. ಸೊಸೆ ಅವನ್ನು ಬಿಸಿಲಿಗೆ ಎಳೆದು ಮೆಣಸಿನಕಾಯಿ ಹರವುತ್ತಾಳೆ. ಸಂದಿಯಲ್ಲಿ ಕೋಳಿ ಮೊಟ್ಟೆ ಇಡುತ್ತದೆ.

"ಅದು ನನ್ ಪೆಟ್ಗೆ ಹಲ್ಗೆ ಕಣಮ್ಮ" ಎಂದರೆ, "ಗೊತ್ತು ಮಾವ, ನಿಮ್ಗೆ ಬೇಕಾದಾಗ ಖಾಲಿ ಮಾಡ್ಕೊಡ್ತೀನಿ" ಎನ್ನುತ್ತಾಳೆ.

ಇಂಥ ಮನೆಯಲ್ಲಿ ಕುಳಿತು ನಾನು ನಿತ್ಯಜೀವವನ್ನು ಧ್ಯಾನಿಸಬೇಕು. ಸಂಜೆ ಒಳ್ಳೆಯ ಮರಣಕ್ಕಾಗಿ ಜಪ ಹಿಡಿದರೆ ಪಕ್ಕದಲ್ಲೇ ಟಿ.ವಿ. ಧಾರಾವಾಹಿಯ ಅತ್ತೆ ಸೊಸೆಯ ಹಾಲಿಗೆ ವಿಷ ಹಾಕುತ್ತಿರುತ್ತಾಳೆ.

ನಾನು ಒಂದು ಕಾಲಕ್ಕೆ ಈ ಊರಿನ ಉಪದೇಶಿಯಾಗಿದ್ದೆ. ಮಾರ್ಟಳ್ಳಿಯ ಆಚೆ, ಕನ್ನಡ ತಮಿಳು ಎರಡನ್ನೂ ಒಂದೇ ಬಾಯಲ್ಲಿ ಆಡುವ ಸಣ್ಣ ಊರು ನಮ್ಮದು. ಆಗ ಫಾದರ್ ಬರುತ್ತಿದ್ದುದು ತಿಂಗಳಿಗೊಮ್ಮೆ. ಉಳಿದ ದಿನಗಳಲ್ಲಿ ಜಪ ನಡೆಸುವುದು, ಮಕ್ಕಳಿಗೆ ಪಾಠ ಹೇಳುವುದು, ಸತ್ತವರನ್ನು ಮಣ್ಣಿಗೆ ಸೇರಿಸುವುದು ಎಲ್ಲ ನನ್ನ ಪಾಲಿಗೆ. ಹೈಸ್ಕೂಲು ಮುಗಿಸಿದವನು ಊರಿಗೆ ನಾನೊಬ್ಬನೇ, ಅದೇ ನನ್ನ ಯೋಗ್ಯತೆ. ಹಿರಿಯರೂ ಎದ್ದು ನಿಂತು "ಉಪದೇಶಿಯಾರೆ" ಎನ್ನುತ್ತಿದ್ದರು. ಎದ್ದು ನಿಲ್ಲದವರು ಯಾರು ಎಂಬುದು ನನಗೆ ನೆನಪಿರುತ್ತಿತ್ತು. ಸ್ವರ್ಗದ ಬೀಗದ ಕೈ ಗೊಂಚಲು ನನ್ನ ಉಡಿದಾರಕ್ಕೇ ಕಟ್ಟಿದೆ ಎಂಬಂತೆ ಓಡಾಡುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಮಾಂಸದ ಸಾರು. ಅದನ್ನು ಹೇಳದೆ ಬಿಡಬಹುದಿತ್ತು, ಆದರೆ ಈ ಕತೆಯಲ್ಲಿ ಸಾರಿಗೂ ಪಾಲಿದೆ. ಕೆಳಕೇರಿಯಿಂದ ಯಾರೋ ಓಡಿಬಂದು ಬಾಗಿಲಲ್ಲಿ ನಿಂತು, ಆ ಹೆಂಗಸಿಗೆ ಹೆರಿಗೆಯಾಗಿದೆ, ಗಂಡುಮಗು, ಉಸಿರು ನಿಲ್ಲುವಂತಿದೆ, ಬಂದು ಜ್ಞಾನಸ್ನಾನ ಕೊಡಬೇಕಂತೆ ಎಂದರು. ಆ ನೀರು ತಲೆಗೆ ಬೀಳದೆ ಸತ್ತ ಮಗು ಸ್ವರ್ಗ ಸೇರುವುದಿಲ್ಲ ಎಂಬುದು ನಮ್ಮವರ ನಂಬಿಕೆ. "ಕೈ ತೊಳ್ಕಂಡು ಬತ್ತೀನಿ, ನಡಿ" ಎಂದೆ. ಕೈ ತೊಳೆಯಲಿಲ್ಲ. ಇನ್ನೊಂದು ಸೌಟು ಹಾಕಿಸಿಕೊಂಡೆ.

ನಾನು ಹೋಗುವಷ್ಟರಲ್ಲಿ ಮಗು ಹೋಗಿತ್ತು. ಮಗುವಿನ ಅಪ್ಪ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದ. ಮನೆಯಲ್ಲಿದ್ದವಳು ಪಕ್ಕದ ಮನೆಯ ಪುಟ್ಟಮ್ಮ ಒಬ್ಬಳೇ. ಶಾಗ್ಯದಿಂದ ಮದುವೆಯಾಗಿ ಬಂದವಳು, ಹಿಂದೂ ಮನೆಯವಳು. ಕೈಯಲ್ಲಿ ಇನ್ನೂ ತಂಬಿಗೆ ಹಿಡಿದಿದ್ದಳು.

"ನಾನೇ ನೀರು ಉಯ್ದೆ ಸಾ" ಎಂದಳು. "ಇವ್ಳಿಗೆ ಏಳಕ್ಕಾಗ್ನಿಲ್ಲ. ಮನಗಿದ್ದಂಗೇ ಯೋಳ್ಕೊಟ್ಲು, ನಾನು ಅಂಗೇ ಯೋಳ್ದೆ. ಪಿತ, ಪುತ್ರ, ಪವಿತ್ರಾತ್ಮ ಅಂತ. ತಪ್ಪಾಯ್ತಾ ಸಾ?"

ತಡವಾಗಿ ಬಂದ ನಾಚಿಕೆ ನನ್ನಲ್ಲಿ ಸಿಟ್ಟಾಗಿ ಹೊರಬಂತು. "ನೀನ್ಯಾರು ಅದ್ನ ಮಾಡಕ್ಕೆ? ಇದೇನು ಹಸಿನ ಮೈ ತೊಳ್ಯೋ ಕೆಲ್ಸ ಅನ್ಕಂಡ್ಯಾ?" ಎಂದು ಕೇರಿಗೆಲ್ಲ ಕೇಳುವಂತೆ ಕೂಗಾಡಿದೆ.

ಚಾಪೆಯ ಮೇಲಿಂದ ತಾಯಿ ಕೇಳಿದಳು: "ನೀರು ಒಂದೇ ಅಲ್ವಾ ಉಪದೇಶಿಯಾರೆ?"

"ನೀರು ಒಂದೇ, ಕೈ ಬ್ಯಾರೆ ಕಣಮ್ಮ. ಅದು ನಡಿಯಲ್ಲ."

ನಡೆಯುವುದಿಲ್ಲ ಎಂದ ಮೇಲೆ ಯಾವುದೂ ನಡೆಯಲಿಲ್ಲ. ಗಂಟೆ ಹೊಡೆಯಲಿಲ್ಲ. ಮಗುವನ್ನು ಕಲ್ಲರೆಯ ಗೋಡೆಯ ಹೊರಗೆ, ಹುಣಸೆಮರದ ಬುಡದಲ್ಲಿ ಮಣ್ಣು ಮಾಡಿಸಿದೆ. ಈ ಮಗುವಿಗೆ ಸ್ವರ್ಗದ ಬಾಗಿಲು ತೆರೆಯುವುದಿಲ್ಲ ಎಂದು ಹೆತ್ತವಳಿಗೆ ಹೇಳಿದವನು ನಾನು. ಆ ತಿಂಗಳು ಫಾದರ್ ಬಂದಾಗ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಬೇರೆ ಉತ್ತರ ಬಂದುಬಿಟ್ಟರೆ ಎಂಬ ಭಯ.

ಆ ಬೇರೆ ಉತ್ತರ ಎಷ್ಟೋ ವರ್ಷದ ಮೇಲೆ ತಾನಾಗಿಯೇ ಬಂತು. ಒಬ್ಬರು ಫಾದರ್ ಭಾನುವಾರದ ಪೂಜೆಯ ಪ್ರಸಂಗದ ನಡುವೆ ತೀರಾ ಸಾಧಾರಣವಾಗಿ ಹೇಳಿದರು: ಸಾಯುವ ಮಗುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಕ್ರೈಸ್ತರೇ ಆಗಬೇಕೆಂದಿಲ್ಲ, ಮನಸ್ಸಿಟ್ಟು ಆ ಮಾತು ಹೇಳಿ ನೀರು ಹೊಯ್ದರೆ ಸಾಕು. ನಾನು ಮುಂದಿನ ಬೆಂಚಿನಲ್ಲೇ ಕುಳಿತಿದ್ದೆ. ಅಷ್ಟರಲ್ಲಿ ಪುಟ್ಟಮ್ಮ ತೀರಿಕೊಂಡಿದ್ದಳು. ಮಗುವಿನ ತಾಯಿ ಹನೂರಿಗೆ, ಮಗಳ ಮನೆಗೆ ಹೋಗಿಬಿಟ್ಟಿದ್ದಳು. ಕಲ್ಲರೆ ಹಬ್ಬಕ್ಕೆ ಮಾತ್ರ ಬಸ್ಸಿನಲ್ಲಿ ಬಂದು, ಒಳಗೆ ಗಂಡನ ಗೋರಿಗೆ ಒಂದು ಬತ್ತಿ ಹಚ್ಚಿ, ಗೋಡೆ ಸುತ್ತಿ ಹೊರಗೆ ಹೋಗಿ ಇನ್ನೊಂದು ಬತ್ತಿ ಹಚ್ಚುತ್ತಿದ್ದಳು. ಹೊರಗೆ ಗಾಳಿ ಹೆಚ್ಚು. ಸೆರಗು ಅಡ್ಡ ಹಿಡಿದು ಕುಳಿತಿರುತ್ತಿದ್ದಳು. ನಾನು ನೋಡುತ್ತಿದ್ದೆ. ಅಷ್ಟೇ.

ಫಾದರ್ ಬಳಿ ಪಾಪನಿವೇದನೆ ಮಾಡಲಿಲ್ಲವೇ ಎಂದು ನೀವು ಕೇಳುತ್ತೀರಿ. ಪ್ರತಿವರ್ಷ ಮಾಡಿದೆ. "ಒಬ್ಬ ಹೆಂಗಸಿನ ಮೇಲೆ ಸಿಟ್ಟಾದೆ ಸ್ವಾಮಿ" ಎನ್ನುತ್ತಿದ್ದೆ. ಪಾಪ ಹೇಳುವಾಗ ಬೇರೆಯವರ ಹೆಸರು ಎತ್ತಬಾರದು ಎಂಬ ನಿಯಮವಿದೆ. ಮಕ್ಕಳಿಗೆ ಅದನ್ನು ಕಲಿಸಿದವನೇ ನಾನು. ಆ ನಿಯಮದ ಹಿಂದೆ ಎಷ್ಟು ಹಾಯಾಗಿ ಅಡಗಬಹುದು ಎಂದು ಮಾತ್ರ ಯಾರಿಗೂ ಕಲಿಸಲಿಲ್ಲ. ಹೆಸರಿಲ್ಲದ ಹೆಂಗಸು, ಹೆಸರಿಲ್ಲದ ಸಿಟ್ಟು. ಪ್ರಾಯಶ್ಚಿತ್ತಕ್ಕೆಂದು ಫಾದರ್ ಕೊಟ್ಟ ಒಂದಿಷ್ಟು ನಮೋ ಮರಿಯಾ ಜಪ ಹೇಳಿ ಎದ್ದುಬರುತ್ತಿದ್ದೆ.

ಹೋದ ವರ್ಷ ಕಲ್ಲರೆಯಲ್ಲಿ ಜಾಗ ಸಾಲದೆ ಈಗಿನ ಸಣ್ಣ ವಯಸ್ಸಿನ ಫಾದರ್ ಜೆಸಿಬಿ ತರಿಸಿ ಆ ಕಡೆಯ ಗೋಡೆ ಕೆಡವಿಸಿದರು. ಹುಣಸೆಮರವನ್ನೂ ಸೇರಿಸಿಕೊಂಡು ಆಚೆ ಹೊಸ ಗೋಡೆ ಎದ್ದಿತು. ನನ್ನ ಹೆಂಡತಿಯ ಗೋರಿಯ ಪಕ್ಕ ಜಾಗ ಉಳಿಸಿ ಎಂದು ನಾನು ಮೊದಲೇ ಹೇಳಿಟ್ಟಿದ್ದೆ. "ಅಲ್ಲಿ ಇಲ್ಲ ಅಯ್ಯಾ. ಹುಣಸೆಮರದ ಕೆಳಗೆ ತಗೊಳ್ಳಿ, ನೆರಳಿದೆ" ಎಂದರು. ನೆರಳಂತೆ! ಪುನರುತ್ಥಾನದ ದಿನದವರೆಗೆ ನಾನು ಆ ಮಗುವಿನ ಮಗ್ಗುಲಲ್ಲೇ ಮಲಗಬೇಕು. ಇಷ್ಟು ದೊಡ್ಡ ಕಲ್ಲರೆಯಲ್ಲಿ ಸರ್ವಶಕ್ತನಿಗೆ ನನಗೆಂದು ಬೇರೆ ಜಾಗವೇ ಸಿಗಲಿಲ್ಲ.

ಆ ಹಬ್ಬದ ದಿನ ಅವಳು ಬಂದಳು. ಗಂಡನ ಗೋರಿಗೆ ಬತ್ತಿ ಹಚ್ಚಿ, ಅಭ್ಯಾಸದಂತೆ ಗೋಡೆ ಸುತ್ತಲು ಹೊರಟು, ಗೋಡೆಯೇ ಇಲ್ಲದ್ದನ್ನು ಕಂಡು ನಿಂತಳು. ಸುಣ್ಣದ ಬ್ರಷ್ಷು ಹಿಡಿದು ನಾನು ಅಲ್ಲೇ ಇದ್ದೆ.

"ಗ್ವಾಡೆ ಎಲ್ಲೋಯ್ತು ಉಪದೇಶಿಯಾರೆ?"

"ಕೆಡವಿದ್ರು."

"ಅಂಗಾರೆ ನನ್ ಮಗ ಈಗ ಒಳ್ಗಾ, ಹೊರ್ಗಾ?"

"ಒಳ್ಗೆ."

"ಯಾವಾಗಿಂದ?"

ಜೀವಮಾನದಲ್ಲಿ ಯಾರೂ ನನಗೆ ಇಷ್ಟು ಸುಲಭದ ಪ್ರಶ್ನೆ ಕೇಳಿರಲಿಲ್ಲ. ಬಾಗಿಲನ್ನು ಅವಳೇ ತೆರೆದು ಹಿಡಿದಿದ್ದಳು. "ಓದ್ ತಿಂಗ್ಳಿಂದ" ಎಂದೆ.

"ಸದ್ಯ" ಎಂದಳು. ಸೆರಗು ಅಡ್ಡ ಹಿಡಿದು ಬತ್ತಿ ಹಚ್ಚಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಈ ಸಲ ಪಾಪನಿವೇದನೆಯಲ್ಲಿ ತಾಳಲಾರದೆ ಎಲ್ಲವನ್ನೂ ಹೇಳಿದೆ. ಹೆಸರನ್ನೂ ಹೇಳಲು ಬಾಯಿ ತೆರೆದೆ. ಫಾದರ್ ತಡೆದರು. "ಹೆಸರು ನನಗೆ ಬೇಡ ಅಯ್ಯಾ. ಅವರು ಇದ್ದಾರಾ?"

"ಹನೂರಲ್ಲಿದ್ದಾರೆ ಸ್ವಾಮಿ. ಆದ್ರೆ ನಂಗೆ ಮಂಡಿ ನೋವು..."

"ಹನೂರಿಗೆ ಬಸ್ಸಿದೆಯಲ್ಲ?"

ಸಾವಿರ ಜಪ ಕೊಡುತ್ತಾರೇನೋ ಎಂದು ಸಿದ್ಧನಾಗಿ ಹೋದವನಿಗೆ ಬಸ್ಸು ಕೊಟ್ಟರು. ಸಿಟ್ಟು ಬಂತು. ಜಪವಾದರೆ ಮನೆಯಲ್ಲೇ ಕುಳಿತು ಮುಗಿಸಬಹುದಿತ್ತು. ನಾನು ದೇವರ ಜೊತೆ ಲೆಕ್ಕ ತೀರಿಸಿಕೊಳ್ಳಲು ಇಷ್ಟೆಲ್ಲ ತಯಾರಾಗಿದ್ದರೆ, ಅವನು ಮೊದಲು ಹನೂರಿಗೆ ಹೋಗಿ ಬಾ ಅನ್ನುತ್ತಾನೆ. ಅದಾಗಿ ಎಷ್ಟು ಬಸ್ಸು ಹೋದವೋ!

ಬುಸುಗುಟ್ಟುತ್ತಿದ್ದ ಸುಣ್ಣ ಈಗ ತಣ್ಣಗಾಗಿದೆ. ನಾಳೆಯವರೆಗೆ ಕಾಯಬಹುದು, ಅವಳೇ ಬರುತ್ತಾಳೆ. ಆದರೆ ನಾಳೆ ಜನ ಸೇರಿರುತ್ತಾರೆ, ನನಗೆ ಮತ್ತೊಂದು ನೆವ ಸಿಗುತ್ತದೆ. ಅಲ್ಲದೆ ಇಷ್ಟು ವರ್ಷ ಬಸ್ಸು ಹತ್ತಿದವಳು ಅವಳೇ. ಟ್ರಂಕು ತೆಗೆದು ಬಿಳಿ ಪಂಚೆ, ಶರಟು ಹಾಕಿಕೊಂಡಿದ್ದೇನೆ. ಒಗೆದ ಬಟ್ಟೆ ಬೇರೆ ಇರಲಿಲ್ಲ.

ಸೊಸೆ ಮೇಲಿಂದ ಕೆಳಗೆ ನೋಡಿ, "ಈಗ ಎಲ್ಲಿಗ್ ಮಾವ, ಪೆಟ್ಗೆಗೆ ಮೊಳೆ ತರಕ್ಕಾ?" ಎಂದು ಕೇಳಿದಳು.

"ಹನೂರಿಗೆ. ಗೋರಿಗೆ ಸುಣ್ಣ ನೀನೇ ಬಳಿ" ಎಂದೆ.

ಫಾದರ್ ಬೇಡವೆಂದ ಹೆಸರು ಬಾಯಲ್ಲೇ ಉಳಿದಿದೆ. ಬಸ್ಸು ಬರುವವರೆಗೆ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸ ಮಾಡಿಸುತ್ತಿದ್ದೇನೆ. ಓದ್ ತಿಂಗ್ಳಿಂದ ಅಲ್ಲ ಕಣಮ್ಮ, ನಾನು ಯೋಳಿದ್ದು ಸುಳ್ಳು. ಪುಟ್ಟಮ್ಮ ನೀರು ಉಯ್ದ ಗಳಿಗೆಯಿಂದ್ಲೂ ನಿನ್ ಮಗ ಒಳ್ಗೇ ಅವ್ನೆ. ಹೊರಗಿದ್ದೋನು ನಾನು. ತಪ್ಪಾಯ್ತು, ಸವರಿಯಮ್ಮ.