ಮೊದಲ ಸೂಜಿ

ಎಪ್ಪತ್ತರ ದಶಕದಾಗ ಹುನಗುಂದದ ಕಡಿ ಹಳ್ಳಿಗೋಳಿಗೆ ಸೈಕಲ್ ಮ್ಯಾಲೆ ಹೋಗಿ ಕೋಳಿಗೆ ಲಸಿಕೆ ಹಾಕೋದು ನನ್ನ ನೌಕರಿ. ಬೆಳಕು ಹರಿಯೂಕಿಂತ ಮೊದಲ ಹೋಗಬೇಕು. ಒಮ್ಮೆ ಹೊರಗ ಬಿಟ್ಟರ ಜವಾರಿ ಕೋಳಿ ಯಾರ ಕೈಗೂ ಸಿಗೂದಿಲ್ಲ.

ಅವತ್ತು ದ್ಯಾಮವ್ವ ಅನ್ನೋ ಮುದುಕಿ ಕೋಳಿ ಬುಟ್ಟಿ ಮುಂದ ಕುಡಗೋಲು ಹಿಡಕೊಂಡು ಕುಂತಿದ್ದಳು. ಪಕ್ಕದ ಓಣಿಯೊಳಗ ಆಗಲೇ ಬ್ಯಾನಿ ಬಿದ್ದು ಕೋಳಿ ಸಾಯಾಕತ್ತಿದ್ದವು. ಲಸಿಕೆ ಇಟ್ಟಿದ್ದ ನನ್ನ ಥರ್ಮಾಸಿನ್ಯಾಗ ಬರ್ಫ ಕರಗಾಕತ್ತಿತ್ತು, ಕರಗಿದರ ಲಸಿಕೆ ಕೆಡತಿತ್ತು.

“ಹ್ವಾದ ವರ್ಷ ನಿಮ್ಮಂಥಾವ ಒಬ್ಬ ಬಂದು ಚುಚ್ಚಿ ಹೋದ. ನಾಕು ದಿನದಾಗ ಅರ್ಧಾ ಬುಟ್ಟಿ ಖಾಲಿ. ನಮ್ಮತ್ತಿ ಕಾಲದ ತಳಿ, ಇಷ್ಟ ಉಳದಾವ. ಅಷ್ಟು ಚಲೋ ಔಷಧ ಇದ್ರ ಮೊದ್ಲ ನೀವ ಚುಚ್ಚಿಗೊಳ್ರಿ,” ಅಂದಳು.

ಓಣಿ ಮಂದಿ ಕೂಡಿದರು. ಲಸಿಕೆ ಕಲಸೋ ಬರೇ ನೀರಿನ ಬಾಟ್ಲಿಗೆ ಸೂಜಿ ಹಾಕಿದೆ.

“ಅದಲ್ರಿ ಸಾಹೇಬ್ರ, ಥರ್ಮಾಸಿನ್ಯಾಗಿಂದು,” ಅಂದಳು ದ್ಯಾಮವ್ವ.

ಥರ್ಮಾಸಿನ್ಯಾಗಿನ ಲಸಿಕೆ ಸೂಜಿಗೆ ಎಳಕೊಂಡೆ. ಕಣ್ಣು ಮುಚ್ಚಿ ತೋಳಿಗೆ ಚುಚ್ಚಿಕೊಂಡೆ. ದ್ಯಾಮವ್ವ ಕುಡಗೋಲು ಬದಿಗಿಟ್ಟು, ಒಂದೊಂದ ಕೋಳಿ ಹಿಡಿದು ಕೊಟ್ಟಳು.

ಅಕಿ ಕೋಳಿ ಒಂದೂ ಸಾಯಲಿಲ್ಲ. ನನ್ನ ತೋಳು ಎರಡು ದಿನ ಬಾತಿತ್ತು. ಆದ್ರ ಖರೆ ಹೇಳ್ತೇನಿ, ಇವತ್ತಿನವರಿಗೂ ನನಗ ಕೋಳಿ ಬ್ಯಾನಿ ಬಂದಿಲ್ಲ.