ನಲವತ್ತೊಂದು ಹಾರ್ಸ್‌ಪವರ್

ಊರು ಬಿಡುವ ಮುಂಚೆ ಕಿವಿಗೆ ಹತ್ತಿ ಇಟ್ಟುಕೊಳ್ಳುವ ಜಾತಿಯ ಮನುಷ್ಯ ನಾನು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೀಗ ಹಾಕಿದ ಮನೆಗೆ ಎರಡೆರಡು ಸಲ ವಾಪಸು ಬರುವವನು. ಇಂಥವನು ಕಾರ್ ಕ್ಲಬ್ಬಿಗೆ ಸೇರಿದ್ದೇ ಒಂದು ತಮಾಷೆ. ನಂಜನಗೂಡಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು ನಾನು. ವೇಗವನ್ನು ಬೋರ್ಡಿನ ಮೇಲೆ ಧೈರ್ಯವಾಗಿ ಬರೆಯುತ್ತೇನೆ, ರಸ್ತೆಯಲ್ಲಿ ಮುಳ್ಳು ಅರವತ್ತು ದಾಟಿದರೆ ಅಂಗೈ ಬೆವರುತ್ತದೆ. ಆದರೂ ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರೊಂದನ್ನು ಹೊಸದರಂತೆ ಇಟ್ಟುಕೊಂಡಿದ್ದಾರೆ ಎಂದು ಕ್ಲಬ್ಬಿನಲ್ಲಿ ನನಗೆ ಹೆಸರಿತ್ತು. ಹೆಸರು ನನ್ನದು, ಕೆಲಸ ಟಿ. ನರಸೀಪುರದ ಮೆಕ್ಯಾನಿಕ್ಕಿನದು.

ಅವನು ನನ್ನ ವಯಸ್ಸಿನವನೇ. ತಗಡಿನ ಶೆಡ್ಡು, ಸಹಾಯಕ್ಕೆ ಯಾರೂ ಇಲ್ಲ. ಎರಡು ತಿಂಗಳು ಹಿಡಿದು ನನ್ನ ಕಾರಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಕೊಟ್ಟಿದ್ದ. ಕೀ ಕೊಡುವಾಗ ಒಂದು ಷರತ್ತು ಹಾಕಿದ್ದ.

"ಮೇಷ್ಟ್ರೇ, ನಿಮ್ ದಮ್ಮಯ್ಯ, ಬಾನೆಟ್ ಮಾತ್ರ ಎತ್ಬ್ಯಾಡಿ. ನೀವು ಒಂದ್ಸಲ ಎತ್ತುದ್ರೆ ನಂಗೆ ಎರಡ್ ದಿನ ಕೆಲ್ಸ."

ಅವನ ಮಾತಿಗೆ ಕಾರಣವಿತ್ತು. ಹಿಂದೊಮ್ಮೆ ಭಯಕ್ಕೆ ಬಿದ್ದು ಎಂಜಿನ್ ಆಯಿಲ್ಲನ್ನು ಕುತ್ತಿಗೆವರೆಗೆ ತುಂಬಿಸಿದವನು ನಾನೇ. ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ.

ಆಮೇಲೆ ಭತ್ತದ ಕೊಯ್ಲು ಬಂತು, ಗದ್ದೆಯ ಇಲಿಗಳೆಲ್ಲ ನಮ್ಮ ಬೀದಿಗೆ ಬಂದವು. ಪಕ್ಕದ ಮನೆಯವರ ಕಾರಿನಲ್ಲಿ ಇಲಿ ವೈರು ಕಡಿಯಿತು ಎಂದು ಕೇಳಿದ ದಿನದಿಂದ ನನಗೆ ನೆಮ್ಮದಿ ಹೋಯಿತು. ಎಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಪ್ರತಿ ಸಂಜೆ ಬಾನೆಟ್ ಎತ್ತಿ ಒಂದು ಹಳೆಯ ಟವೆಲ್ಲಿನ ತುಂಡು ತುರುಕಿ, ಬೆಳಿಗ್ಗೆ ತೆಗೆಯತೊಡಗಿದೆ. ಮರೆಯಬಾರದೆಂದು ಅದರ ತುದಿಯನ್ನು ಬಾಲದ ಹಾಗೆ ಬಾನೆಟ್ಟಿನ ಹೊರಗೆ ಇಳಿಬಿಡುತ್ತಿದ್ದೆ.

"ನಿಮ್ ಕಿವಿಗಾಯ್ತು, ಈಗ ಅದರ ಮೂಗಿಗೂ ತುರುಕಿದ್ರಾ?" ಎಂದಳು ಹೆಂಡತಿ.

ಕ್ಲಬ್ಬಿನವರು ಎಂಜಿನ್ನುಗಳ ಶಕ್ತಿ ಅಳೆಯುವ ದಿನ ಇಟ್ಟುಕೊಂಡದ್ದು ಅದೇ ಹೊತ್ತಿನಲ್ಲಿ. ಟಿ. ನರಸೀಪುರದ ಹೊರಗೆ ಮುಚ್ಚಿಹೋದ ಅಕ್ಕಿ ಗಿರಣಿಯೊಂದಿದೆ, ಅದರ ಭತ್ತ ಒಣಹಾಕುವ ಸಿಮೆಂಟಿನ ಕಣದಲ್ಲಿ. ಯಂತ್ರವನ್ನು ಲಾರಿಯಲ್ಲಿ ತರಿಸಿದ್ದರು. ಎಲ್ಲರೂ ಅದನ್ನು ಡೈನೋ ಎನ್ನುತ್ತಾರೆ. ಕಾರಿನ ಚಕ್ರಗಳನ್ನು ಎರಡು ಉರುಳೆಗಳ ಮೇಲೆ ನಿಲ್ಲಿಸಿ, ಬೆಲ್ಟಿನಿಂದ ಬಿಗಿದು, ಆಕ್ಸಿಲರೇಟರನ್ನು ತಳದವರೆಗೆ ಒತ್ತುತ್ತಾರೆ. ಕಾರು ನಿಂತಲ್ಲೇ ಓಡುತ್ತದೆ, ಎಷ್ಟು ಹಾರ್ಸ್‌ಪವರ್ ಎಂದು ಕಂಪ್ಯೂಟರ್ ಹೇಳುತ್ತದೆ.

ನಮ್ಮ ಕ್ಲಬ್ಬಿನದೊಂದು ಪದ್ಧತಿ ಇದೆ. ಬಂದ ಅಂಕಿಯನ್ನು ದೊಡ್ಡ ಬೋರ್ಡಿನ ಮೇಲೆ ಬರೆಯುವಾಗ ಗಾಡಿಯ ಯಜಮಾನನ ಹೆಸರಿನ ಪಕ್ಕದಲ್ಲಿ ಮೆಕ್ಯಾನಿಕ್ಕಿನ ಹೆಸರನ್ನೂ ಬರೆಯುತ್ತಾರೆ. ಆ ಸಲ ಅದಕ್ಕೆ ಇನ್ನಷ್ಟು ತೂಕ ಬಂದಿತ್ತು. ಸದಸ್ಯರ ಎಲ್ಲ ಗಾಡಿಗಳ ಕೆಲಸವನ್ನು ಒಂದೇ ಗ್ಯಾರೇಜಿಗೆ ವಹಿಸುವುದೆಂದೂ, ಬೋರ್ಡು ನೋಡಿ ತೀರ್ಮಾನಿಸುವುದೆಂದೂ ಮಾತಾಗಿತ್ತು. ಮೈಸೂರಿನ ದೊಡ್ಡ ವರ್ಕ್‌ಶಾಪಿನವರು ಒಂದು ಕಡೆ, ನನ್ನ ಮೆಕ್ಯಾನಿಕ್ಕು ಇನ್ನೊಂದು ಕಡೆ. ಅವನ ಪರವಾಗಿ ಓಡುವುದು ನನ್ನದೊಂದೇ ಗಾಡಿ.

ಹಿಂದಿನ ಸಂಜೆ ಟವೆಲ್ ತುರುಕುವಾಗ ಆ ಬಾಲವನ್ನು ಇಲಿ ಹಿಡಿದು ಎಳೆದರೆ ಎಂಬ ಹೊಸ ಯೋಚನೆ ಬಂತು. ಇಡೀ ತುಂಡನ್ನು ಒಳಕ್ಕೆ ನೂಕಿದೆ. ಬೆಳಿಗ್ಗೆ ಎದ್ದು ಪಟ್ಟಿ ಹಿಡಿದು ಹೊರಟೆ: ಇನ್ಶೂರೆನ್ಸ್ ಕಾಗದ, ಟೈರಿನ ಗಾಳಿ, ನೀರಿನ ಬಾಟಲಿ, ಮಾತ್ರೆ, ಹತ್ತಿ. ಹದಿನಾಲ್ಕು ಬಾಬತ್ತು, ಒಂದೊಂದಕ್ಕೂ ಗುರುತು ಹಾಕಿದೆ. ಟವೆಲ್ ಪಟ್ಟಿಯಲ್ಲಿರಲಿಲ್ಲ. ದಿನವೂ ಮಾಡುವ ಕೆಲಸವನ್ನು ಯಾರು ಬರೆದುಕೊಳ್ಳುತ್ತಾರೆ?

ದಾರಿಯಲ್ಲಿ ಕಾರು ಸ್ವಲ್ಪ ಮಂದ ಎನ್ನಿಸಿತು. ನನ್ನ ವೇಗಕ್ಕೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ.

ಮೆಕ್ಯಾನಿಕ್ಕು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ. ಅವನನ್ನು ಗ್ರೀಸಿಲ್ಲದೆ ನಾನು ನೋಡಿದ್ದು ಅವತ್ತೇ ಮೊದಲು. "ಅರವತ್ತೈದ್ರ ಮ್ಯಾಕೆ ಬತ್ತದೆ ಕಣ್ರೀ, ಬರ್ದಿಟ್ಕಳಿ," ಎಂದು ಎಲ್ಲರಿಗೂ ಹೇಳುತ್ತಿದ್ದ.

ಬಂದದ್ದು ನಲವತ್ತೊಂದು.

ಕ್ಲಬ್ಬಿನ ಅಧ್ಯಕ್ಷರು, "ಮೇಷ್ಟ್ರೇ, ಮಿಕ್ಕ ಕುದುರೆಗಳನ್ನ ಕಪಿಲಾ ನದೀಲಿ ನೀರು ಕುಡಿಯೋಕೆ ಬಿಟ್ಟು ಬಂದ್ರಾ?" ಎಂದರು. ಎಲ್ಲರೂ ನಕ್ಕರು.

ಮೆಕ್ಯಾನಿಕ್ಕು ನಗಲಿಲ್ಲ. ಬಾನೆಟ್ ಎತ್ತಿ ಪ್ಲಗ್ಗು ನೋಡಿದ, ವೈರು ಅಲುಗಿಸಿದ, ಫಿಲ್ಟರಿನ ಡಬ್ಬಿಗೆ ಕೈ ಹಾಕಿದ. ಯಂತ್ರದವನು, "ಹಿಂದೆ ಹನ್ನೆರಡು ಗಾಡಿ ಇದೆ, ಇಳಿಸ್ರೀ," ಎಂದ. ಮೆಕ್ಯಾನಿಕ್ಕು ತಲೆಯೆತ್ತಿ ನನ್ನನ್ನು ನೋಡಿದ.

"ಮೇಷ್ಟ್ರೇ, ನೀವೇನಾರ ಮುಟ್ಟಿದ್ರಾ?"

ಟವೆಲ್ಲಿನ ನೆನಪು ಆಗ ನನಗೆ ಬರಲಿಲ್ಲ, ನಿಜ. ಬಂದದ್ದು ಕೊಟ್ಟ ಮಾತಿನ ನೆನಪು. ಅಷ್ಟು ಜನರ ಮುಂದೆ ಬೈಸಿಕೊಳ್ಳುವ ಹೆದರಿಕೆಯಲ್ಲಿ ಗಂಟಲು ಏರಿಸಿದೆ.

"ನಾನ್ಯಾಕ್ರೀ ಮುಟ್ಲಿ? ನಿಮ್ಮ ಶೆಡ್ಡು ಬಿಟ್ಟ ಮೇಲೆ ಬಾನೆಟ್ಟೇ ಎತ್ತಿಲ್ಲ. ಕೆಲಸ ನಿಮ್ಮದೇ ತಾನೆ?"

ಮೂವತ್ತು ದಿನ ಬೆಳಿಗ್ಗೆ ಸಂಜೆ ಬಾನೆಟ್ ಎತ್ತಿದವನ ಮಾತು ಅದು. ಅವನು ಬಾನೆಟ್ ಇಳಿಸಿದ. ಯಾರೋ ಬೋರ್ಡಿನ ಮೇಲೆ ನಲವತ್ತೊಂದು ಎಂದು ಬರೆದು ಪಕ್ಕದಲ್ಲಿ ಅವನ ಹೆಸರನ್ನು ದುಂಡಗೆ ಬರೆದರು.

ಊಟಕ್ಕೂ ನಿಲ್ಲದೆ ಹೊರಟೆ. ಬಿಳಿಗೆರೆ ಹತ್ತಿರ ಒಂದು ಸಣ್ಣ ಏರಿನಲ್ಲಿ ಹಿಂದಿದ್ದ ಕಬ್ಬಿನ ಟ್ರ್ಯಾಕ್ಟರು ಹಾರನ್ ಹೊಡೆದು ನನ್ನನ್ನು ದಾಟಿಕೊಂಡು ಹೋಯಿತು. ಹೋಗುತ್ತ ಡ್ರೈವರು, "ಓಯ್ ಸಾ, ಎಳ್ಕೊಂಡ್ ಓಗ್ಲಾ?" ಎಂದ. ಕಾರು ನಿಲ್ಲಿಸಿದೆ. ಆ ಕ್ಷಣಕ್ಕೆ ಟವೆಲ್ಲು ನೆನಪಾಯಿತು. ಬಾನೆಟ್ ಎತ್ತಿ ಕೊಳವೆಯೊಳಗೆ ಎರಡು ಬೆರಳು ಹಾಕಿ ಎಳೆದೆ. ಒಳಗಿನ ತಿರುವಿನವರೆಗೂ ಸರಿದು ಕೂತಿದ್ದ ತುಂಡು ಕೊಳವೆಯದೇ ಆಕಾರದಲ್ಲಿ ಹೊರಗೆ ಬಂತು. ಮತ್ತೆ ಕಾರು ಹತ್ತಿ ಕಾಲಿಟ್ಟರೆ ಅದು ನನ್ನ ಅಂಗೈ ಬೆವರುವಷ್ಟು ಮುನ್ನುಗ್ಗಿತು.

ಮಧ್ಯಾಹ್ನ ಎರಡೂವರೆ. ಪರೀಕ್ಷೆ ಐದರವರೆಗೂ ಇತ್ತು. ಅರ್ಧ ಗಂಟೆಯ ದಾರಿ. ಗ್ಯಾಸಿಗಾಗಿ ಎರಡೆರಡು ಸಲ ವಾಪಸು ಹೋಗುವವನು ಅವತ್ತು ಹೋಗಲಿಲ್ಲ. ಮೊಬೈಲಿನಲ್ಲಿ ಕ್ಲಬ್ಬಿನ ಗುಂಪು ತೆರೆದೆ. ಬೋರ್ಡಿನ ಫೋಟೊ ಆಗಲೇ ಬಂದಿತ್ತು, ಕೆಳಗೆ ನಗುವ ಮುಖಗಳ ಸಾಲು. "ತಪ್ಪು ನನ್ನದು, ಕೊಳವೆಯಲ್ಲಿ ಬಟ್ಟೆ" ಎಂದು ಬರೆದೆ. ಆ ನಗುವ ಮುಖಗಳೆಲ್ಲ ನನ್ನ ಕಡೆ ತಿರುಗುವುದು ಕಣ್ಣಿಗೆ ಕಟ್ಟಿತು. ಅಳಿಸಿದೆ. ಮನೆಗೆ ಹೋಗಿ ನಿಧಾನವಾಗಿ ಬರೆಯೋಣ ಎಂದುಕೊಂಡೆ. ನಿಧಾನ ನನಗೆ ಚೆನ್ನಾಗಿ ಬರುತ್ತದೆ.

ಮರುವಾರ ಕೆಲಸವೆಲ್ಲ ಮೈಸೂರಿನವರಿಗೆ ಹೋಯಿತು. ಹದಿನೈದು ದಿನಕ್ಕೆ ಮೆಕ್ಯಾನಿಕ್ಕೇ ಫೋನು ಮಾಡಿದ.

"ಮೇಷ್ಟ್ರೇ, ಗಾಡಿ ತಂದ್ಬುಡಿ. ಇನ್ನೊಂದ್ಸಲ ಬಿಚ್ಚಿ ನೋಡ್ತೀನಿ. ಕಾಸು ಬ್ಯಾಡ. ಎಲ್ಲಿ ತಪ್ದೆ ಅಂತ ಗೊತ್ತಾಗ್ದೆ ಅನ್ನ ಸೇರ್ತಿಲ್ಲ."

ತೆಗೆದುಕೊಂಡು ಹೋದೆ. ಹೇಳಿಬಿಡಬೇಕೆಂದೇ ಹೋದೆ. ಶೆಡ್ಡಿನ ಬಾಗಿಲಲ್ಲಿ ಅವನು ಕೀ ಈಸಿಕೊಂಡು, "ಬನ್ನಿ, ಕೂತ್ಕಳಿ, ಟೀ ತರಿಸ್ತೀನಿ," ಎಂದ. ಟೀ ಕುಡಿದೆ. ಏನೂ ಕೆಡದ ಎಂಜಿನ್ನನ್ನು ಅವನು ನಾಲ್ಕು ದಿನ ಬಿಚ್ಚಿದ, ಒಂದೊಂದು ಭಾಗವನ್ನೂ ಅಳೆದ, ತೊಳೆದ, ಮತ್ತೆ ಕಟ್ಟಿದ. ಐದನೆಯ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೇತುವೆಯವರೆಗೂ ಓಡಿಸಿದ. ಕಾರು ಬಾಣದ ಹಾಗೆ ಹೋಯಿತು. ಅವನ ಮುಖ ತಿಂಗಳಾದ ಮೇಲೆ ಸಡಿಲವಾಯಿತು.

"ಏನೋ ಒಂದು ಸರ್ಯಾಗಿ ಕೂತಿರ್ನಿಲ್ಲ ಅಷ್ಟೆ. ನನ್ ಕೈದೇ ತಪ್ಪು ಮೇಷ್ಟ್ರೇ. ನಿಮ್ಗೆ ಅಷ್ಟ್ ಜನದ ಮುಂದೆ ಅವಮಾನ ಆಯ್ತು, ಮನ್ಸಿಗೆ ಆಕ್ಕೋಬ್ಯಾಡಿ."

"ಇರಲಿ ಬಿಡಿ," ಎಂದೆ. ನಾನು ಅವನನ್ನು ಕ್ಷಮಿಸಿದೆ.

ಈ ವರ್ಷ ಮತ್ತೆ ಅದೇ ಕಣದಲ್ಲಿ ಪರೀಕ್ಷೆ ಇಟ್ಟಿದ್ದಾರೆ. "ಓಗ್ಬನ್ನಿ ಮೇಷ್ಟ್ರೇ, ಈ ಸಲ ಅರವತ್ತೈದು ಬಂದೇ ಬತ್ತದೆ. ನಾನು ಬರಾಕಿಲ್ಲ, ಎಷ್ಟ್ ಬಂತು ಅಂತ ನೀವೇ ಯೋಳಿ," ಎಂದ ಮೆಕ್ಯಾನಿಕ್ಕು. ಬರುತ್ತದೆ, ನನಗೂ ಗೊತ್ತು. ಬಂದರೆ ಬೋರ್ಡಿನ ಮೇಲೆ ಅವನ ಹೆಸರು ಸರಿಹೋಗುತ್ತದೆ. ಆಮೇಲೆ ಯಾರಾದರೊಬ್ಬರು, ಹಾಗಾದರೆ ಹೋದ ಸಲ ಏನಾಗಿತ್ತು ಮೇಷ್ಟ್ರೇ, ಎಂದು ಕೇಳುತ್ತಾರೆ.

ಸೊಂಟನೋವು ಎಂದು ಅಧ್ಯಕ್ಷರಿಗೆ ತಿಳಿಸಿದ್ದೇನೆ.