ಹಾಡೋರು ಬಾರದ ಕ್ಯಾಸೆಟ್ಟು

ಕ್ಯಾಸೆಟ್ಟಿನ ಡಬ್ಬಿ ತೆರೆದಾಗ ಮೊದಲು ಬಂದದ್ದು ಮಗ್ಗದ ಎಣ್ಣೆಯ ವಾಸನೆ. ಒಂಬತ್ತು ವರ್ಷ ಟ್ರಂಕಿನಲ್ಲಿ ನೋಟ್‌ಬುಕ್ಕುಗಳ ಅಡಿ ಬಿದ್ದಿದ್ದರೂ ಅದು ಹೋಗಿರಲಿಲ್ಲ. ಮುಚ್ಚಳದ ಮೂಲೆಯಲ್ಲಿ ಒಂದು ಹೆಬ್ಬೆರಳಿನ ಗುರುತು ಕಂದು ಬಣ್ಣಕ್ಕೆ ತಿರುಗಿ ಉಳಿದಿತ್ತು. ಅದು ನನ್ನ ಹೆಬ್ಬೆರಳಿನದಲ್ಲ. ನನ್ನದಕ್ಕಿಂತ ಎರಡು ಪಟ್ಟು ಅಗಲ.

ನಮ್ಮ ಬೀದಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯದು. ನಾನು ಅವರನ್ನು ಮಾಮ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮಣ್ಣಿ ಎನ್ನುತ್ತಿದ್ದರು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮನೆಗೆ ನಾಲ್ಕರಂತೆ ಪವರ್‌ಲೂಮುಗಳು. ಕರೆಂಟ್ ಇರುವಷ್ಟು ಹೊತ್ತೂ ಸದ್ದು. ಒಂದು ಲೋಟ ನೀರು ಕೇಳಬೇಕಾದರೂ ಕೂಗಬೇಕು. ಕೂಗಲು ಇಷ್ಟವಿಲ್ಲದವರು ಸುಮ್ಮನಿರುವುದನ್ನು ಕಲಿಯುತ್ತಾರೆ. ನಾನು ಹಾಗೆ ಕಲಿತವಳು.

ಮೇಸ್ತ್ರಿ ಮಾಮನ ಹೆಸರೆಲ್ಲ ಅವರ ಕಿವಿಯಿಂದ ಬಂದದ್ದು. ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಲೇ ಯಾರ ಮನೆಯ ಎಷ್ಟನೇ ಮಗ್ಗಕ್ಕೆ ಏನಾಗಿದೆ ಎಂದು ಹೇಳುತ್ತಿದ್ದರು. ಅವರ ಬಾಯಲ್ಲಿ ಮಗ್ಗಕ್ಕೂ ಮನುಷ್ಯರ ಕಾಯಿಲೆಗಳೇ. ಲಾಳಿ ತಡವಾಗಿ ಹಾರಿದರೆ ಮಗ್ಗ ಕುಂಟುತ್ತದೆ, ಬೆಲ್ಟ್ ಜಾರಿದರೆ ಬಿಕ್ಕುತ್ತದೆ, ನಟ್ಟು ಸಡಿಲವಾದರೆ ಕೆಮ್ಮುತ್ತದೆ. "ಯಜಮಾನ್ರೇ, ನಿಮ್ಮ ಎರಡ್ನೇದು ರಾತ್ರಿಯಿಂದ ಕೆಮ್ತೈತೆ, ನೋಡ್ಲಿಲ್ವಾ?" ಎಂದು ಅಪ್ಪನನ್ನು ಗದರಿಸುತ್ತಲೇ ಒಳಗೆ ಬರುತ್ತಿದ್ದರು. ಅಪ್ಪ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

ನಾನು ಆಗ ಬಿ.ಎಸ್ಸಿ. ಮೊದಲ ವರ್ಷ. ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತಿದ್ದೆ. ಭಜನೆ ಹಾಡುಗಳನ್ನು ತುಂಬಿಸಿಕೊಳ್ಳಲು ಒಂದು ಕ್ಯಾಸೆಟ್ ತಂದುಕೊಡೆಂದು ಅಮ್ಮ ಹೇಳಿದ್ದರು. ಹೊಸದಕ್ಕಿಂತ ಹಳೆಯದು ಅಗ್ಗವೆಂದು ಫುಟ್‌ಪಾತಿನ ರಾಶಿಯಿಂದ ಒಂದನ್ನು ಆರಿಸಿದೆ. ಅದಕ್ಕೆ ಹೊರಗಿನ ಕಾಗದವಿರಲಿಲ್ಲ, ಹೆಸರೂ ಇರಲಿಲ್ಲ. ಮಾರುವವನು "ಟೇಪ್ ಚೆನ್ನಾಗೈತೆ ಮೇಡಂ, ಮೇಲೆ ಏನ್ ಬೇಕೋ ತುಂಬ್ಕೊಳ್ಳಿ" ಅಂದ.

ಪರೀಕ್ಷೆಗೆ ಓದಲೆಂದು ಕೊಟ್ಟ ಏಪ್ರಿಲ್ ರಜೆ. ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟ್ ತೆಗೆಯುತ್ತಿದ್ದರು. ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತಾಗ ಆಗುವ ನಿಶ್ಶಬ್ದ ಬೇರೆ ಊರಿನವರಿಗೆ ಗೊತ್ತಾಗಲಾರದು... ಕಿವಿಯೊಳಗೆ ಸ್ವಲ್ಪ ಹೊತ್ತು ಸದ್ದಿನ ನೆರಳು ಓಡುತ್ತಿರುತ್ತದೆ. ಆಮೇಲೆ ಎಲ್ಲೋ ಕಾಗೆ, ಎಲ್ಲೋ ಪಾತ್ರೆ. ಅಂಥ ಒಂದು ಮಧ್ಯಾಹ್ನ, ಟೇಪ್ ಸರಿಯಿದೆಯೇ ಎಂದು ನೋಡಲು ಬ್ಯಾಟರಿ ಹಾಕಿ ಆ ಕ್ಯಾಸೆಟ್ ಹಚ್ಚಿದೆ.

ಮೊದಲು ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತರೆ ಬರುವಂಥ ಗುಂಯ್ ಸದ್ದು. ಅದರೊಳಗಿನಿಂದ ದಪ್ಪ ತಂತಿಯ ಗಿಟಾರ್ ನಿಧಾನವಾಗಿ ಎದ್ದು ಬಂತು. ಹಿಂದೆಯೇ ಡ್ರಮ್. ಆಮೇಲೆ ಇನ್ನೊಂದು ಗಿಟಾರ್, ತಗಡು ಹರಿದಂತೆ. ನಾನು ಹಾಡುವವರಿಗಾಗಿ ಕಾದೆ. ಈಗ ಬರಬಹುದು, ಈ ಸುತ್ತು ಮುಗಿದ ಮೇಲೆ ಬರಬಹುದು... ಯಾರೂ ಬರಲಿಲ್ಲ. ಅಮ್ಮ ಅಡುಗೆಮನೆಯಿಂದ ಇಣುಕಿ, "ಏನೇ ಇದು, ಇನ್ನೂ ಹಾಡೋರೇ ಬಂದಿಲ್ವಲ್ಲೇ?" ಎಂದರು. ನಾನು ಸದ್ದು ಇನ್ನಷ್ಟು ಏರಿಸಿದೆ. ಮಾತಿಲ್ಲದೆಯೂ ಇಷ್ಟು ಹೇಳಬಹುದು ಎಂದು ನನಗೆ ಅಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಮೇಸ್ತ್ರಿ ಮಾಮನ ದನಿ. "ಯಾರ ಮನೇಗ್ರೀ ಕರೆಂಟ್ ಬಂತು? ಯಾವ್ದೋ ಮಗ್ಗ ಕುಂಟ್ತಾ ಐತೆ!" ಎದುರು ಮನೆಗೆ ಹೋದರು, ಪಕ್ಕದ ಮನೆಗೆ ಹೋದರು, ಕೊನೆಗೆ ನಮ್ಮ ಬಾಗಿಲಿಗೆ ಬಂದರು. ಟೇಪ್ ರೆಕಾರ್ಡರ್ ನೋಡಿ ನಿಂತುಬಿಟ್ಟರು.

"ಇದಾ?"

"ಇದೇ ಮಾಮ."

ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತರು. ಎಣ್ಣೆಯ ಬೆರಳುಗಳನ್ನು ರೆಕಾರ್ಡರಿನ ಬೆನ್ನ ಮೇಲಿಟ್ಟು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, "ಏಳ್ ಪೆಟ್ಟಿಗೊಂದ್ಸಲ ಕುಂಟ್ತೈತೆ. ಪ್ರತಿ ಸಲಾನೂ ಏಳಕ್ಕೇ. ಅಂದ್ರೆ ಕೆಟ್ಟಿಲ್ಲ ಅಮ್ಮಣ್ಣಿ, ಬೇಕಂತ್ಲೇ ಕುಂಟಿಸ್ತಾವ್ರೆ! ಈ ಬಡಿಯೋನು ಯಾವ್ದೋ ಮಗ್ಗದ ಮನೇಲೇ ಹುಟ್ಟಿರ್ಬೇಕು" ಎಂದು ತೊಡೆ ತಟ್ಟಿ ನಕ್ಕರು.

ನನಗೆ ಅದು ಬಾಗಿಲು ತೆರೆದಂತಾಯಿತು. ಗೋಜಲು ಎಂದುಕೊಂಡಿದ್ದರಲ್ಲಿ ಲೆಕ್ಕವಿತ್ತು. ಮೂರು, ಎರಡು, ಎರಡು. ನಾನು ತೊಡೆಯ ಮೇಲೆ ಬೆರಳು ಬಡಿದು ಎಣಿಸಿದೆ. ಅವರು ತಲೆಯಾಡಿಸಿದರು. ಅಮ್ಮನಿಗೆ ಆ ಕ್ಯಾಸೆಟ್ ಕೆಟ್ಟಿದೆ ಎಂದು ಸುಳ್ಳು ಹೇಳಿ, ಭಜನೆಗೆ ಬೇರೊಂದು ತಂದುಕೊಟ್ಟೆ. ಅದು ರಾಕ್ ಸಂಗೀತವೆಂದೂ, ಹಾಡುವವರಿಲ್ಲದೆ ಬರೀ ವಾದ್ಯಗಳಲ್ಲಿ ಹೊಸ ಹೊಸ ಪ್ರಯೋಗ ಮಾಡುವ ತಂಡಗಳಿವೆಯೆಂದೂ ಆಮೇಲೆ ಸಹಪಾಠಿಯೊಬ್ಬಳು ಹೇಳಿದಳು. ಆ ತಂಡದ ಹೆಸರು ಅವಳಿಗೂ ಗೊತ್ತಾಗಲಿಲ್ಲ.

ಮರುದಿನದಿಂದ ಎರಡು ಗಂಟೆಗೆ ಸರಿಯಾಗಿ ಮಾಮನ ಸೈಕಲ್ ನಮ್ಮ ಜಗಲಿಗೆ ಒರಗುತ್ತಿತ್ತು. ಒಂದೊಂದು ದಿನ ಒಂದೊಂದು ಕಂಡುಹಿಡಿಯುತ್ತಿದ್ದೆವು. ಒಂದು ಕಡೆ ಎರಡು ಗಿಟಾರುಗಳು ಬೇರೆ ಬೇರೆ ಲೆಕ್ಕದಲ್ಲಿ ಹೊರಟು, ಎಷ್ಟೋ ಸುತ್ತಿನ ಮೇಲೆ ಒಂದೇ ಪೆಟ್ಟಿಗೆ ಬಂದು ಸೇರುತ್ತಿದ್ದವು. ಆ ಪೆಟ್ಟು ಬಿದ್ದಾಗಲೆಲ್ಲ ಮಾಮ "ಸಿಗಾಕ್ಕೊಂಡ್ರು ನೋಡು!" ಎಂದು ಕೂಗುತ್ತಿದ್ದರು, ನಾನೂ ಕೂಗುತ್ತಿದ್ದೆ. ಹೌದು, ನಾನು.

ಕ್ಯಾಸೆಟ್ಟಿನ ಎರಡನೇ ಮಗ್ಗುಲಿನ ಕೊನೆಗೆ ಒಂದು ಜಾಗವಿತ್ತು. ಡ್ರಮ್ ಥಟ್ಟನೆ ನಿಲ್ಲುತ್ತದೆ, ದಪ್ಪ ತಂತಿಯೂ ನಿಲ್ಲುತ್ತದೆ. ಅತ್ಯಂತ ಸಣ್ಣ, ಎತ್ತರದ ಒಂದು ನಾದ ಮಾತ್ರ ಒಂದು ನಿಮಿಷದಷ್ಟು ಹೊತ್ತು ನಡುಗುತ್ತ ನಿಂತಿರುತ್ತದೆ. ಆಮೇಲೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಅದನ್ನು ಮೊದಲ ಸಲ ಕೇಳಿದ ದಿನ ಮಾಮ ಕಣ್ಣು ತೆರೆದು, "ಬ್ಯಾಟ್ರಿ ಹೋಯ್ತೇನಮ್ಮಣ್ಣಿ?" ಎಂದರು. ಬಗ್ಗಿ ನೋಡಿದರು. ಟೇಪ್ ಸುತ್ತುತ್ತಿತ್ತು. ಅಷ್ಟರಲ್ಲಿ ಡ್ರಮ್ ಬಂದು ಅಪ್ಪಳಿಸಿತು. ಮಾಮ ಹಿಂದಕ್ಕೆ ಬಿದ್ದವರಂತೆ ಕೈಯೂರಿ, "ಅಬ್ಬಬ್ಬಾ, ಏನ್ ಧೈರ್ಯ! ಇಷ್ಟೊತ್ತು ಒಂದ್ ಸದ್ದೂ ಇಲ್ದೆ ಸುಮ್ನೆ ಕುಂತವ್ರಲ್ಲ!" ಎಂದರು.

ನಾನು ನಗುತ್ತಿದ್ದವಳು ನಿಲ್ಲಿಸಿದೆ.

ಮೂರು ದಿನದಿಂದ ನಮ್ಮ ಮೂರನೇ ಮಗ್ಗ ಕೀಚ್ ಕೀಚ್ ಎಂದು ಕೂಗುತ್ತಿತ್ತು. ನೇಯುವ ಇಬ್ಬರಿಗೂ ಕೇಳಿತ್ತು, ಅಮ್ಮನಿಗೂ ಕೇಳಿತ್ತು. ಮಾಮ ಬಂದು ನಿಂತು ನೋಡಿ, "ಏನೂ ಇಲ್ಲ, ಓಡ್ಲಿ" ಎಂದು ಹೋಗಿದ್ದರು. ಅಂದು ಬೆಳಿಗ್ಗೆ ಅಪ್ಪ ತಿಂಡಿ ತಿನ್ನುತ್ತ, "ಅಷ್ಟು ಕೀಚಲು ಮೇಸ್ತ್ರಿಗೆ ಕೇಳ್ಲಿಲ್ಲ ಅಂದ್ರೆ ಏನರ್ಥ? ಬಸ್ ಸ್ಟ್ಯಾಂಡ್ ಹತ್ರ ಹೊಸಬನೊಬ್ಬ ಬಂದವ್ನಂತೆ, ಸೋಮವಾರ ಕರೆಸ್ತೀನಿ" ಎಂದಿದ್ದರು. ನಮ್ಮದು ಬೀದಿಯ ಮೊದಲ ಮನೆ. ನಮ್ಮಲ್ಲಿ ಮೇಸ್ತ್ರಿ ಬದಲಾದರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಕಿವಿ ಹೋಯಿತೆಂದು ಒಮ್ಮೆ ಮಾತು ಹಬ್ಬಿದರೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ; ಆ ಮನುಷ್ಯನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಶಬ್ದದ ಪಾಠವನ್ನು ನಾನು ಪರೀಕ್ಷೆಗೆಂದು ಓದುತ್ತಿದ್ದೆ. ಕಿವಿ ಮಂದವಾಗುವಾಗ ಎತ್ತರದ ನಾದಗಳು ಮೊದಲು ಹೋಗುತ್ತವೆ ಎಂದು ತಿಳಿದಿತ್ತು. ಅದನ್ನು ಒಬ್ಬರ ಮುಖಕ್ಕೆ ಹೇಗೆ ಹೇಳುವುದು ಎಂದು ಯಾವ ಪಾಠದಲ್ಲೂ ಇರಲಿಲ್ಲ. ಅದು ಶುಕ್ರವಾರ. ಇಡೀ ಸಂಜೆ ಯೋಚಿಸಿದೆ. ಶನಿವಾರ ಮಾಮ ಬಂದಾಗ ಕ್ಯಾಸೆಟ್ಟನ್ನು ನೇರವಾಗಿ ಆ ಜಾಗಕ್ಕೆ ಓಡಿಸಿ ಹಚ್ಚಿದೆ. ಅವರು ಈ ಸಲ ಸಿದ್ಧವಾಗಿದ್ದರು. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ, ಏಳಕ್ಕೊಂದು ಗೆಣ್ಣಿನಂತೆ ಎಣಿಸುತ್ತ ಹೋದರು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯಿತು. ಕೊನೆಯ ಗೆಣ್ಣಿಗೆ ಬಲಗೈ ಎತ್ತಿ ತೋರುಬೆರಳನ್ನು ಕೆಳಗೆ ಹೊಡೆದರು. ಡ್ರಮ್ ಬಂತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಆಗ ಹೇಳಿದೆ. "ಮಾಮ, ನಮ್ಮ ಮೂರನೇ ಮಗ್ಗ ಇದೇ ಥರ ಕೂಗ್ತಿದೆ. ಈ ಸುಮ್ಮನಿರೋ ಜಾಗದಲ್ಲಿ ಬರುತ್ತಲ್ಲ, ಅದೇ ಥರ."

ಅವರು ನನ್ನನ್ನು ನೋಡಿದರು. ರೆಕಾರ್ಡರ್ ನೋಡಿದರು. "ಅಲ್ಲಿ ಏನಾದ್ರೂ ಐತಾ?"

"ಇದೆ ಮಾಮ."

ಬೆರಳುಗಳನ್ನು ಲುಂಗಿಗೆ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ, "ಹೆಂಗೈತೆ? ಹೇಳು" ಎಂದರು.

ಅಷ್ಟು ಕಷ್ಟದ ಪ್ರಶ್ನೆ ನನಗೆ ಯಾವ ಪರೀಕ್ಷೆಯಲ್ಲೂ ಬಂದಿಲ್ಲ. "ರೇಷ್ಮೆ ಎಳೇನ ಬಿಸಿಲಿಗೆ ಹಿಡಿದ್ರೆ ಮಿನುಗಿ ಮಿನುಗಿ ಕಾಣೆಯಾಗುತ್ತಲ್ಲ, ಕಿವಿಗೆ ಹಾಗೆ" ಎಂದೆ.

"ತುಂಡಾಗ್ತೈತಾ?"

"ಆಗುತ್ತೆ ಅನ್ನಿಸುತ್ತೆ. ಆಗಲ್ಲ."

ಮಾಮ ಬೀದಿಯ ಕಡೆ ನೋಡುತ್ತ ಕೂತರು. ಆಮೇಲೆ ಮುಖ ತಿರುಗಿಸಿ ನಕ್ಕರು. "ನಿಂಗೆ ಸಿಕ್ಕಿದ್ದೂ ಚೆಂದಾಗೈತೆ. ಆದ್ರೆ ನಂಗೆ ಸಿಕ್ಕಿದ್ದು ಇನ್ನೂ ಚೆಂದ ಬಿಡು." ಎದ್ದು ನಿಂತು ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡರು. "ನಾಕ್ ಗಂಟೆಗೆ ಕರೆಂಟ್ ಬತ್ತೈತೆ. ನಿಮ್ಮಪ್ಪ ಎಲ್ಲಿ?"

"ಸೀರೆ ವ್ಯಾಪಾರದವರ ಹತ್ರ ಹೋಗಿದ್ದಾರೆ. ಐದಕ್ಕೆ ಬರ್ತಾರೆ."

"ಸಾಕು."

ಕರೆಂಟ್ ಬಂದಾಗ ನೇಯುವವರಿಬ್ಬರಿಗೂ, "ಇನ್ನರ್ಧ ಗಂಟೆ ಮಿಕ್ಕ ಮಗ್ಗ ಓಡಿಸ್ಬ್ಯಾಡ್ರಿ, ಹೋಗಿ ಟೀ ಕುಡೀರಿ" ಎಂದು ಹೊರಗೆ ಕಳಿಸಿದರು. ಮೂರನೇ ಮಗ್ಗ ಒಂದನ್ನೇ ಓಡಿಸಿದರು. ನಾನು ಎದುರಿಗೆ ನಿಂತೆ. ಕೀಚಲು ಶುರುವಾದಾಗ ಬೆರಳು ಎತ್ತಬೇಕು, ನಿಂತಾಗ ಇಳಿಸಬೇಕು. ಅಷ್ಟೇ ನನ್ನ ಕೆಲಸ. ಅವರ ಒಂದು ಕೈ ಕಬ್ಬಿಣದ ಚೌಕಟ್ಟಿನ ಮೇಲೆ, ಕಣ್ಣು ನನ್ನ ಬೆರಳ ಮೇಲೆ, ತುಟಿ ಎಣಿಸುತ್ತಿತ್ತು. ನಾನು ಎತ್ತಿದೆ, ಇಳಿಸಿದೆ, ಎತ್ತಿದೆ. ಹತ್ತು ಸುತ್ತು ಆಗುವಷ್ಟರಲ್ಲಿ ಅವರ ಮುಖ ಅರಳಿತು. "ಎರಡು ಪೆಟ್ಟಿಗೊಂದ್ಸಲ ಕೂಗ್ತೈತೆ! ಹಂಗಾದ್ರೆ ಮೇಲಿನ ಶಾಫ್ಟ್ ಅಲ್ಲ, ಕೆಳಗಿನ್ದು! ಅದೇ ಎರಡು ಪೆಟ್ಟಿಗೊಂದು ಸುತ್ತು ಹೊಡೆಯೋದು!" ಮಗ್ಗ ನಿಲ್ಲಿಸಿ ಅಡಿಗೆ ನುಗ್ಗಿದರು. ಕೆಳಗಿನ ಶಾಫ್ಟಿನ ಎಡಗಡೆಯ ಬೇರಿಂಗ್ ಒಣಗಿ ಸುಟ್ಟ ಬಣ್ಣಕ್ಕೆ ಬಂದಿತ್ತು. ಕಳಚಿ, ಒರೆಸಿ, ಬೇರೆಯದನ್ನು ಕೂರಿಸಿ ಗ್ರೀಸ್ ಹಚ್ಚಿದರು. ಮತ್ತೆ ಮಗ್ಗ ಓಡಿಸಿದಾಗ ನನ್ನ ಕೈ ಎತ್ತುವ ಅಗತ್ಯವೇ ಬೀಳಲಿಲ್ಲ. ಇಬ್ಬರೂ ಮಕ್ಕಳ ಹಾಗೆ ನಕ್ಕೆವು. ಆ ಸದ್ದಿನಲ್ಲಿ ನಮ್ಮ ನಗು ನಮಗೇ ಕೇಳಲಿಲ್ಲ.

"ಇದು ನಮ್ಮಿಬ್ರಲ್ಲೇ ಇರ್ಲಿ ಕಣಮ್ಮಣ್ಣಿ" ಎಂದು ನನ್ನ ಕಿವಿಯ ಹತ್ತಿರ ಕೂಗಿದರು. ನಾನು ತಲೆಯಾಡಿಸಿದೆ. ಹೋಗುವಾಗ ಕ್ಯಾಸೆಟ್ಟನ್ನು ಎತ್ತಿ, ಡಬ್ಬಿಗೆ ಹಾಕಿ, ನನ್ನ ಕೈಗೆ ಕೊಟ್ಟರು. ಮುಚ್ಚಳದ ಮೇಲಿನ ಗುರುತು ಆಗ ಬಿದ್ದದ್ದು.

ಸಂಜೆ ಅಪ್ಪ ಮಗ್ಗದ ಮುಂದೆ ನಿಂತು ಆಲಿಸಿ, "ಏನೇ ಹೇಳು, ಮೇಸ್ತ್ರಿ ಕಿವಿ ಅಂದ್ರೆ ಕಿವಿ" ಎಂದರು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಹೊಸಬನ ಮಾತು ಮತ್ತೆ ಬರಲಿಲ್ಲ.

ಆಮೇಲೆ ಮಾಮ ಒಂದು ಉಪಾಯ ಕಂಡುಕೊಂಡರು. ಯಾವ ಮನೆಗೆ ಹೋದರೂ ಮೊದಲು ಮನೆಯವರನ್ನೇ ಮಗ್ಗದ ಮುಂದೆ ನಿಲ್ಲಿಸಿ, "ಎಲ್ಲಿ, ಎಷ್ಟ್ ಪೆಟ್ಟಿಗೊಂದ್ಸಲ ಕೂಗ್ತೈತೆ, ನೀವೇ ಹೇಳಿ ನೋಡೋಣ! ಇಷ್ಟ್ ವರ್ಷ ಮಗ್ಗ ಇಟ್ಕೊಂಡು ಅಷ್ಟೂ ಗೊತ್ತಾಗಲ್ವಾ?" ಎಂದು ದಬಾಯಿಸುತ್ತಿದ್ದರು. ಬೀದಿಯವರೆಲ್ಲ ಪರೀಕ್ಷೆಗೆ ಹೆದರುವವರಂತೆ ಕಿವಿಗೊಟ್ಟು ಎಣಿಸಿ ಹೇಳುತ್ತಿದ್ದರು. ಹಾಗೆ ಇನ್ನೂ ಎಷ್ಟೋ ವರ್ಷ ಕೆಲಸ ಮಾಡಿದರು. ನಾನು ಎಂ.ಎಸ್ಸಿ.ಗೆ ಮೈಸೂರಿಗೆ ಹೋದೆ. ರಜೆಗೆ ಬಂದಾಗ ಎದುರು ಸಿಕ್ಕರೆ ಏನೂ ಕೇಳುತ್ತಿರಲಿಲ್ಲ, ಸೈಕಲ್ ಹ್ಯಾಂಡಲಿನ ಮೇಲೆ ಮೂರು, ಎರಡು, ಎರಡು ಎಂದು ಬೆರಳು ಬಡಿದು ಹೋಗುತ್ತಿದ್ದರು.

ಹೋದ ವಾರ ಅವರ ತಿಥಿಗೆಂದು ಊರಿಗೆ ಬಂದೆ. ಊಟದ ಸಾಲಿನಲ್ಲಿ ಎಲ್ಲರೂ ಅವರ ಕಿವಿಯ ಮಾತನ್ನೇ ಆಡಿದರು. ಅಂಥ ಕಿವಿ ಇನ್ನು ಹುಟ್ಟುವುದಿಲ್ಲ ಎಂದರು. ಕೊಟ್ಟ ಮಾತನ್ನು ಅಲ್ಲಿ ಉಳಿಸಿಕೊಂಡೆ. ಇಲ್ಲಿ ಮುರಿಯುತ್ತಿದ್ದೇನೆ. ಅವರು ದೊಡ್ಡವರಾಗಿದ್ದು ಕಿವಿಯಿಂದ ಮಾತ್ರವಲ್ಲ ಎಂದು ಯಾರಾದರೂ ಒಬ್ಬರು ಬರೆದಿಡಬೇಕು ಅನ್ನಿಸಿತು...

ಮನೆಗೆ ಬಂದು ಟ್ರಂಕ್ ತೆಗೆದೆ. ಎರಡು ಗಂಟೆಗೆ ಕರೆಂಟ್ ಹೋಯಿತು. ಜಗಲಿಯಲ್ಲಿ ಕೂತು ಬ್ಯಾಟರಿ ಹಾಕಿ ಕ್ಯಾಸೆಟ್ ಹಚ್ಚಿದೆ. ಟೇಪ್ ಸವೆದಿತ್ತು. ತಗಡು ಹರಿಯುವ ಗಿಟಾರ್ ಈಗ ಕಂಬಳಿಯೊಳಗಿಂದ ಬಂದಂತಿತ್ತು. ಡ್ರಮ್ ಮಾತ್ರ ಗಟ್ಟಿಯಾಗಿತ್ತು. ಎರಡನೇ ಮಗ್ಗುಲು, ಕೊನೆಯ ಜಾಗ. ಡ್ರಮ್ ನಿಂತಿತು, ದಪ್ಪ ತಂತಿ ನಿಂತಿತು. ನಾನು ಆ ರೇಷ್ಮೆಯ ಎಳೆಗಾಗಿ ಕಾದೆ.

ಏನೂ ಇರಲಿಲ್ಲ. ಬ್ಯಾಟರಿ ಹೋಯಿತೇ ಎಂದು ಬಗ್ಗಿ ನೋಡಿದೆ. ಟೇಪ್ ಸುತ್ತುತ್ತಿತ್ತು. ಅಷ್ಟು ಎತ್ತರದ ನಾದವೆಲ್ಲ ವರ್ಷಗಳಲ್ಲಿ ಟೇಪಿನಿಂದ ಉದುರಿಹೋಗಿತ್ತು. ಮಾಮನಿಗೆ ಸಿಕ್ಕಿದ್ದ ಆ ನಿಶ್ಶಬ್ದ ಕಡೆಗೂ ನನಗೆ ಸಿಕ್ಕಿತ್ತು. ಅವರು ಹೇಳಿದ್ದು ನಿಜ, ಅದು ಇನ್ನೂ ಚೆಂದವಾಗಿತ್ತು.

ಹೆಬ್ಬೆರಳಿನಿಂದ ಗೆಣ್ಣು ಮುಟ್ಟುತ್ತ ಎಣಿಸತೊಡಗಿದೆ. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯುತ್ತ ಬಂತು. ತೋರುಬೆರಳು ಎತ್ತಿದೆ. ಮಾಮನ ಬೆರಳು ಸರಿಯಾಗಿ ಇಳಿದಿದ್ದ ಪೆಟ್ಟಿಗೆ ಡ್ರಮ್ ಬಂದು ಬಿದ್ದಾಗ ನನ್ನ ಬೆರಳು ಇನ್ನೂ ಮೇಲೇ ಇತ್ತು.